ಕೆಂಪಿಗೆ ಬಂದ ಮಧ್ಯಾಹ್ನ

ನಮ್ಮ ಮನೆಯಲ್ಲಿ ಕೆಮ್ಮು ಯಾರ ಕಿವಿಗೂ ಬೀಳುತ್ತಿರಲಿಲ್ಲ. ಸುಗ್ಗಿ ಶುರುವಾಗಿ ಬ್ಯಾಡಗಿಯ ಬೀದಿಗಳಿಗೆ ಮೆಣಸಿನಕಾಯಿ ಚೀಲಗಳು ಬರತೊಡಗಿದರೆ ಇಡೀ ಊರು ಕೆಮ್ಮುತ್ತಿತ್ತು. ಇಡೀ ಊರು ಕೆಮ್ಮಿದರೆ ಅದು ಕೆಮ್ಮಲ್ಲ. ಪಡಸಾಲೆಯಲ್ಲಿ ಹತ್ತು ಹನ್ನೆರಡು ಹೆಂಗಸರು ಎರಡು ಸಾಲಾಗಿ ಕುಳಿತು ಕಾಯಿಯ ತೊಟ್ಟು ಬಿಡಿಸುತ್ತಿದ್ದರು. ಮಾತಿನ ನಡುವೆ ಕೆಮ್ಮು ಬಂದರೆ ಕೆಮ್ಮಿ, ಅರ್ಧಕ್ಕೆ ನಿಂತ ಮಾತನ್ನು ಅಲ್ಲಿಂದಲೇ ಎತ್ತಿಕೊಳ್ಳುತ್ತಿದ್ದರು: ಸೊಸೆಯ ಮೇಲಿನ ದೂರು, ಕೆಮ್ಮು, ದೂರಿನ ಉಳಿದರ್ಧ. ಪಡಸಾಲೆ ದಾಟಿದರೆ ನಡುಮನೆ, ಅದರ ಎಡಕ್ಕೆ ಅಡುಗೆಮನೆ, ಅಡುಗೆಮನೆಯ ಬೆನ್ನಿಗೆ ದೇವರ ಕೋಣೆ. ಚೀಲಗಳು ಪಡಸಾಲೆಯಿಂದ ನಡುಮನೆಗೆ, ನಡುಮನೆಯಿಂದ ಹಾಸಿಗೆಯ ಬದಿಗೆ ದಿನಕ್ಕೊಂದು ಹೆಜ್ಜೆ ಇಡುತ್ತ ಬರುತ್ತಿದ್ದವು. ಸಂಕ್ರಾಂತಿಯ ಹೊತ್ತಿಗೆ ನಾವು ಚೀಲಗಳು ಬಿಟ್ಟುಕೊಟ್ಟ ಜಾಗದಲ್ಲಿ ಮಲಗುತ್ತಿದ್ದೆವು. ರೊಟ್ಟಿಯ ಮೇಲೆ, ದಿಂಬಿನ ಮೇಲೆ, ಹಾಲಿನ ಕೆನೆಯ ಮೇಲೂ ಸಣ್ಣಗೆ ಕೆಂಪು ಧೂಳು. ಮದುವೆಯಾಗಿ ಹೊಸರಿತ್ತಿಯಿಂದ ಬಂದ ಹೊಸದರಲ್ಲಿ ಅವ್ವ ಸೆರಗಿನಿಂದ ಮೂಗು ಕಟ್ಟಿಕೊಂಡೇ ಅಡುಗೆ ಮಾಡುತ್ತಿದ್ದಳಂತೆ. ಆಗ ಆಯಿ, ಅಂದರೆ ನಮ್ಮಪ್ಪನ ತಾಯಿ, ಹೇಳಿದ್ದು ಒಂದೇ ಮಾತು:

“ರೂಢಿ ಆಗತೈತಿ ಬಿಡು.”

ರೂಢಿಯಾಯಿತು. ಅವ್ವನಿಗೆ ಆದದ್ದು ನನಗೂ ಆಗಬೇಕಿತ್ತು. ನಾನು ಕೆಮ್ಮಿದಾಗಲೂ ಆಯಿ ಅದನ್ನೇ ಅಂದಳು. ಶಾಲೆಯಿಂದ ಬರುವಾಗ ಅರ್ಧ ದಾರಿಯಲ್ಲಿ ಕಟ್ಟೆ ಹಿಡಿದು ನಿಂತಾಗಲೂ ಅದನ್ನೇ. ಅವ್ವ ಎಂದಾದರೂ ಧೂಳಿನ ಮಾತೆತ್ತಿದರೆ ಆಯಿಗೆ ಕೋಪ ಬರುತ್ತಿತ್ತು.

“ನಮ್ಮ ಕಾಯಿ ಬಣ್ಣ ಕೊಡತೈತಿ, ಘಾಟು ಕೊಡೂದಿಲ್ಲ. ಘಾಟು ಬೇಕಂದ್ರ ಗುಂಟೂರಿಗೆ ಹೋಗು.”

ಬಣ್ಣದ ವಿಷಯದಲ್ಲಿ ಆಯಿಯ ಮಾತಿಗೆ ಮನೆಯಲ್ಲಿ ಎದುರಿರಲಿಲ್ಲ. ಒಂದು ಹಿಡಿ ಕಾಯಿ ತೆಗೆದುಕೊಂಡು ಕಿಟಕಿಯ ಬೆಳಕಿಗೆ ಹಿಡಿದರೆ ಅದು ಯಾವ ಹೊಲದ್ದು, ಎಷ್ಟು ಬಿಸಿಲು ತಿಂದಿದೆ ಎಂದು ಹೇಳುತ್ತಿದ್ದಳು. ಅಪ್ಪ ಮಾಲು ಕೊಳ್ಳುವ ಮುಂಚೆ ಹಿಡಿ ಕಾಯಿ ತಂದು ಅವಳ ಮುಂದೆ ಸುರಿಯುತ್ತಿದ್ದ. ಹಸಿರೆಂದರೆ ಎಳಸು. ಹಳದಿ ತಿರುಗಿದ್ದು ಇನ್ನೂ ದಾರಿಯಲ್ಲಿರುವಂಥದ್ದು. ಕೆಂಪಿಗೆ ಬಂತೆಂದರೆ ಕೆಲಸ ಮುಗಿಯಿತು. ಈ ಮಾತು ಕಾಯಿ ಬಿಟ್ಟು ಬೇರೆ ಕಡೆಗೂ ಹರಡಿತ್ತು. ಮೊಮ್ಮಗಳ ಜ್ವರ ಬಿಟ್ಟರೂ, ಜಗಳವಾಡಿದವರು ಒಂದಾದರೂ, ಸಾರಿಗೆ ಉಪ್ಪು ಸರಿಹೋದರೂ ಆಯಿಯ ಬಾಯಲ್ಲಿ ಅದು “ಕೆಂಪಿಗೆ ಬಂತು.” ಇದನ್ನು ನಾನು ಇಲ್ಲೇ ಹೇಳಿಬಿಡುತ್ತಿದ್ದೇನೆ, ಯಾಕೆಂದರೆ ಮುಂದಿನ ಎಲ್ಲವೂ ಈ ಮೂರು ಬಣ್ಣಗಳ ಮೇಲೆಯೇ ನಿಂತಿದೆ.

ಮೂರನೇ ಇಯತ್ತೆಯಲ್ಲಿದ್ದಾಗ, ಸುಗ್ಗಿಯ ನಡುವೆ, ನನ್ನನ್ನು ಹಾವೇರಿಯ ದವಾಖಾನೆಗೆ ಸೇರಿಸಿದರು. ಅವ್ವನ ಲೆಕ್ಕದಲ್ಲಿ ನಾಲ್ಕು ದಿನ, ಆಯಿಯ ಲೆಕ್ಕದಲ್ಲಿ ಎಂಟು. ನನ್ನ ಪಾಲಿಗೆ ಉಳಿದಿರುವುದು ಒಂದೇ ಒಂದು ಹೊತ್ತು: ಬಾಯಿಗೆ ಹಿಡಿದ ಪ್ಲಾಸ್ಟಿಕ್ ಮುಖವಾಡ, ಅದರಿಂದ ಬರುತ್ತಿದ್ದ ತಣ್ಣನೆಯ ಹೊಗೆ, ಮೇಲೆ ತಿರುಗುವ ಫ್ಯಾನು. ಫ್ಯಾನಿಗೆ ನಾಲ್ಕು ರೆಕ್ಕೆಗಳಿದ್ದವು ಎಂದು ಎಷ್ಟೋ ವರ್ಷ ಹೇಳಿಕೊಂಡು ಬಂದಿದ್ದೇನೆ. ಅಂಥ ಫ್ಯಾನು ಆಗ ಯಾವ ವಾರ್ಡಿನಲ್ಲೂ ಇದ್ದಿರಲಾರದು. ನಾಲ್ಕನೆಯ ರೆಕ್ಕೆಯನ್ನು ನಾನು ಯಾವಾಗ ಸೇರಿಸಿದೆನೋ ಗೊತ್ತಿಲ್ಲ. ಹೆದರಿಕೆ ಮಾತ್ರ ಸೇರಿಸಿದ್ದಲ್ಲ. ಗಾಳಿ ಕೋಣೆಯ ತುಂಬ ಇತ್ತು, ಅವ್ವ ಅದನ್ನು ಸುಮ್ಮನೆ ಎಳೆದುಕೊಳ್ಳುತ್ತಿದ್ದಳು, ಆಚೆ ಮಂಚದ ಮುದುಕಿ ಎಳೆದುಕೊಳ್ಳುತ್ತಿದ್ದಳು, ನನ್ನ ಹತ್ತಿರ ಬಂದಾಗ ಮಾತ್ರ ಅದು ಬಾಗಿಲು ಹಾಕಿದ ಮನೆಯ ಮುಂದೆ ನಿಂತವರಂತೆ ನಿಂತು ಹಿಂದಿರುಗುತ್ತಿತ್ತು. ಒಳಕ್ಕೆ ಹೋದದ್ದೂ ಹೊರಗೆ ಬರಲು ಒಪ್ಪುತ್ತಿರಲಿಲ್ಲ. ನಮ್ಮ ಕಡೆ ಉಬ್ಬಸಕ್ಕೆ ದಮ್ಮು ಅನ್ನುತ್ತಾರೆ. ಧೈರ್ಯಕ್ಕೂ ಅದೇ ಮಾತು. ನೋಡಲು ಬಂದವರೊಬ್ಬರು “ಹುಡುಗಿಗೆ ಭಾಳ ದಮ್ಮೈತಿ” ಎಂದಾಗ ನಾನು ಅದನ್ನು ಹೊಗಳಿಕೆ ಎಂದುಕೊಂಡೆ.

ಬಿಡುಗಡೆಯ ದಿನ ಮಕ್ಕಳ ಡಾಕ್ಟರಮ್ಮ ಅವ್ವನ ಕೈಗೆ ಮೂರು ಸಾಮಾನು ಕೊಟ್ಟರು. ಒಂದು, ಔಷಧಿಯ ಪಂಪು. ಎರಡು, ಪಂಪನ್ನು ಸಿಕ್ಕಿಸಿ ಉಸಿರೆಳೆಯಲು ಉದ್ದನೆಯ ಪ್ಲಾಸ್ಟಿಕ್ ಡಬ್ಬಿ. ಮೂರನೆಯದು ಒಂದು ಕೊಳವೆ. ಅದರ ಬಾಯಿಗೆ ಬಾಯಿಟ್ಟು ಒಂದೇ ಸಲಕ್ಕೆ ಜೋರಾಗಿ ಊದಿದರೆ ಪಕ್ಕದ ಸೀಳಿನಲ್ಲಿ ಒಂದು ಮುಳ್ಳು ಸರಿದು ಎಲ್ಲೋ ನಿಲ್ಲುತ್ತಿತ್ತು. ಎದೆ ಎಷ್ಟು ತೆರೆದಿದೆ ಎಂದು ಅದು ಹೇಳುತ್ತಿತ್ತು. ಡಾಕ್ಟರಮ್ಮ ಅಂಕಿಗಳ ಮೇಲೆ ಮೂರು ಬಣ್ಣದ ಪಟ್ಟಿ ಅಂಟಿಸಿದರು: ಕೆಳಗೆ ಕೆಂಪು, ನಡುವೆ ಹಳದಿ, ಮೇಲೆ ಹಸಿರು. ಮನೆಗೆ ಬಂದಾಗ ಆಯಿ ಕೊಳವೆಯನ್ನು ತಿರುಗಿಸಿ ನೋಡಿ, ಒಲೆ ಊದುವ ಸಾಮಾನಿನ ಹೆಸರನ್ನೇ ಅದಕ್ಕೂ ಇಟ್ಟಳು:

“ಊದಗೊಳವಿ ಕೊಟ್ಟ ಕಳಿಸ್ಯಾರ. ಇಷ್ಟಕ್ಕ ಹಾವೇರಿಗೆ ಹೋಗಬೇಕಿತ್ತೇನು? ನಮ್ಮ ಒಲಿ ಮುಂದ ಎರಡು ಅದಾವ.”

ಧೂಳಿಲ್ಲದ ಕೋಣೆಯೊಂದು ಬೇಕು ಎಂದಿದ್ದರು ಡಾಕ್ಟರಮ್ಮ. ನಮ್ಮ ಮನೆಯಲ್ಲಿ ಚೀಲ ಕಾಲಿಡದ ಜಾಗ ಒಂದೇ ಇತ್ತು, ದೇವರ ಕೋಣೆ. ಅಲ್ಲಿ ನನ್ನ ಹಾಸಿಗೆ ಬಿತ್ತು. ಆದರೆ ಅಲ್ಲಿ ಹೊಗೆಯಿತ್ತು, ಊದಿನಕಡ್ಡಿ, ಲೋಬಾನ, ಎಣ್ಣೆಬತ್ತಿ. ಅದನ್ನು ನಿಲ್ಲಿಸಬೇಕೆಂದು ಅವ್ವ ಹೇಳಿದ ಬೆಳಿಗ್ಗೆ ಮನೆಯಲ್ಲಿ ನಡೆದ ಜಗಳ ನನಗೆ ಶಬ್ದಶಃ ನೆನಪಿದೆ ಅನ್ನಿಸುತ್ತದೆ, ಅಂದಮೇಲೆ ಅರ್ಧವಾದರೂ ನಾನೇ ಕಟ್ಟಿದ್ದಿರಬೇಕು.

“ದೇವರಿಗೆ ಊದಿನಕಡ್ಡಿ ಬ್ಯಾಡೇನು? ನಾಳೆ ಹೂವಿನ ವಾಸನಿನೂ ಬ್ಯಾಡಂತಿ.”

“ಹೂವೂ ಬ್ಯಾಡಂದಾರ್ರಿ ಅತ್ತಿ.”

“ಮತ್ತ ದೃಷ್ಟಿ? ದವಾಖಾನಿಂದ ಬಂದ ಹುಡುಗಿ ಐತಿ, ದೃಷ್ಟಿ ತಗೀಬೇಕು.”

“ತಗೀರಿ. ಮೆಣಸಿನಕಾಯಿ ಸುಡಬ್ಯಾಡ್ರಿ.”

“ಮೆಣಸಿನಕಾಯಿ ಇಲ್ದ ದೃಷ್ಟಿ ಹೆಂಗ ಹೋಗಬೇಕ ಶಾಂತಾ? ಅದೂ ಬ್ಯಾಡಗಿಯೊಳಗ!”

ಆಯಿ ಎರಡು ದಿನ ಅವ್ವನೊಂದಿಗೆ ಮಾತಾಡಲಿಲ್ಲ. ಮೂರನೆಯ ದಿನ ಬರೀ ಉಪ್ಪು ಮತ್ತು ಹಳೆಯ ಪೊರಕೆಯಿಂದ ನನ್ನ ದೃಷ್ಟಿ ತೆಗೆದಳು. ಹೊರಗೆ ಹೋಗಿ ಅದನ್ನು ಎಸೆಯುವಾಗ, ಕಡಿಮೆ ಬಿದ್ದದ್ದನ್ನು ದೇವರೇ ತೂಗಿಸಿಕೊಂಡು ಹೋಗಲಿ ಎಂದು ಹೇಳಿದ್ದು ಕೇಳಿಸಿತು. ಊದಿನಕಡ್ಡಿಯೂ ನಿಂತಿತು. ಬಾಗಿಲಿಗೆ ಒದ್ದೆ ಸೀರೆ ಕಟ್ಟಿದರು. ಪಡಸಾಲೆಯಿಂದ ಬಂದವರು ಕೈಕಾಲು ತೊಳೆದೇ ಒಳಗೆ ಬರಬೇಕು. ಅಪ್ಪ ಮಾರುಕಟ್ಟೆಯಿಂದ ಬಂದರೆ ಸ್ನಾನವಾಗುವ ತನಕ ಹೊಸ್ತಿಲಾಚೆ ನಿಂತೇ ಮಾತಾಡಿಸುತ್ತಿದ್ದ. ಅಪ್ಪನ ಅಂಗಿ ನನಗೆ ಮೊದಲು ಅಪ್ಪನ ವಾಸನೆಯಾಗಿತ್ತು. ಆ ದಿನಗಳಲ್ಲಿ ಅದು ಗೂಟಕ್ಕೆ ನೇತುಬಿದ್ದಿರುವುದನ್ನು ದೂರದಿಂದ ಕಂಡರೂ ನನ್ನ ಎದೆ ತಾನಾಗಿ ಮುಚ್ಚಿಕೊಳ್ಳುತ್ತಿತ್ತು. ಅಂಗಿಗೆ ಹೆದರುವ ಮಗಳನ್ನು ನೋಡಿ ಅಪ್ಪ ಏನಂದುಕೊಂಡನೋ.

ಬೆಳಿಗ್ಗೆ ಆಯಿ ಸ್ನಾನಕ್ಕೆ ಹೋದಾಗ ಅವ್ವ ಕೋಣೆಯ ಬಾಗಿಲು ಮುಂದೆ ಮಾಡಿ ನನ್ನಿಂದ ಊದಗೊಳವೆ ಊದಿಸುತ್ತಿದ್ದಳು. ನಿಯಮ ನನಗೆ ಮಗ್ಗಿಯಂತೆ ಬಾಯಿಪಾಠ: ಹಸಿರು ಬಂದರೆ ಆಡು, ಹಳದಿ ಬಂದರೆ ಪಂಪು ತಗೊಂಡು ಕುಂದ್ರು, ಕೆಂಪು ಬಂದರೆ ಪಂಪು ತಗೊಳ್ಳುತ್ತಲೇ ದವಾಖಾನೆಗೆ ನಡಿ. ಡಬ್ಬಿಗೆ ಪಂಪು ಸಿಕ್ಕಿಸಿ ಒತ್ತಿದ ಮೇಲೆ ಹತ್ತು ಉಸಿರು ಎಳೆಯಬೇಕಿತ್ತು. ಅವ್ವ ಒಂದು, ಎರಡು ಎಂದು ಎಣಿಸುತ್ತಿದ್ದಳು. ಒಮ್ಮೆ ಆಯಿ ಬಾಗಿಲಲ್ಲಿ ನಿಂತು ಕೇಳಿ ಒಳಗೆ ಬಂದಳು. ಜೋಳ ಅಳೆಯುವಾಗ ಮೊದಲ ಅಳತೆಗೆ ಒಂದು ಅನ್ನಬಾರದು, ಲಾಭ ಅನ್ನಬೇಕು. ನೆಲದಡಿಯ ಹಗೇವಿನಲ್ಲಿ ಜೋಳ ತುಂಬಿಡುತ್ತಿದ್ದ ಕಾಲದಿಂದಲೂ ಹಾಗೆ.

“ಜ್ವಾಳಕ್ಕ ಲಾಭ ಅಂತೇವಿ, ಹುಡುಗಿ ಉಸರಿಗೆ ಬರೇ ಒಂದು ಅಂತೀ ಏನು? ಲಾಭ ಅನ್ನು. ಲಾಭ, ಎರಡು, ಮೂರು.”

ಅವ್ವ ನಕ್ಕಳು, ಆದರೆ ಒಂದು ಅನ್ನುವುದನ್ನು ಬಿಡಲಿಲ್ಲ.

ಈಗ ನನ್ನ ಕಳ್ಳತನದ ಮಾತು. ದವಾಖಾನೆಯಿಂದ ಬಂದ ವಾರದಲ್ಲಿ ಅಪ್ಪ ಹೊಸ್ತಿಲಾಚೆಯಿಂದ ಅವ್ವನಿಗೆ ಹೇಳಿದ್ದು ಒದ್ದೆ ಸೀರೆಯ ಈಚೆ ಕೇಳಿಸಿತ್ತು: “ಇನ್ನೊಂದ ಸಲ ಹಿಂಗಾತಂದ್ರ ರಾಣೆಬೆನ್ನೂರಿಗೆ ಕಳಿಸಿಬಿಡೂಣು. ನಿನ್ನ ತಂಗಿ ಮನ್ಯಾಗ ಧೂಳಿಲ್ಲ.” ರಾಣೆಬೆನ್ನೂರಿನ ಚಿಗವ್ವ ಒಳ್ಳೆಯವಳು. ಮಾಳಿಗೆಯ ಮೇಲೆ ಎರಡು ಕೋಣೆಯ ಮನೆ, ತೊಳೆದ ನೆಲ, ಬಿಳಿ ಗೋಡೆ. ಅವಳೂ ಚಿಗಪ್ಪನೂ ಇಬ್ಬರೇ. ಹಿಂದೊಮ್ಮೆ ಅಲ್ಲಿ ಎರಡು ದಿನ ಇದ್ದೆ. ಅಲ್ಲಿ ಯಾರೂ ಕೆಮ್ಮುತ್ತಿರಲಿಲ್ಲ. ನನ್ನ ಉಸಿರು ನನಗೇ ಕೇಳಿಸುತ್ತಿತ್ತು, ಕೇಳಿಸಿದಷ್ಟೂ ಅದು ಈಗ ನಿಲ್ಲುತ್ತದೆ, ಈಗ ನಿಲ್ಲುತ್ತದೆ ಅನ್ನಿಸುತ್ತಿತ್ತು. ಉಸಿರು ನಿಲ್ಲುವುದಕ್ಕೆ ನಾನು ಹೆಚ್ಚು ಹೆದರಿದ್ದೆನೋ ಆ ಬಿಳಿ ಗೋಡೆಗೋ, ಇಂದಿಗೂ ತೀರ್ಮಾನಿಸಲಾರೆ. ಎರಡೂ ಒಂದೇ ಹೆದರಿಕೆ ಆಗಿದ್ದವು. ಹಾಗಾಗಿ ಊದಗೊಳವೆಗೆ ಮೋಸ ಮಾಡುವುದನ್ನು ಕಲಿತೆ. ಎದೆಯಿಂದ ಊದುವ ಬದಲು ನಾಲಗೆಯ ತುದಿಯಿಂದ, ಸಿಪ್ಪೆ ಉಗುಳುವ ಹಾಗೆ ‘ಥೂ’ ಎಂದರೆ ಮುಳ್ಳು ಹಾರಿ ಹಸಿರಿಗೆ ಹೋಗುತ್ತಿತ್ತು. ಅವ್ವನ ಮುಖ ಸಡಿಲವಾಗುತ್ತಿತ್ತು. ಅವಳನ್ನು ಖುಷಿಪಡಿಸುವುದು ಎಷ್ಟು ಸುಲಭ ಎಂದು ತಿಳಿದು ನನಗೆ ಇನ್ನಷ್ಟು ಭಯವಾಯಿತು.

ಹೊಸರಿತ್ತಿಯಲ್ಲಿ ಸೋದರಮಾವನ ಮಗುವನ್ನು ತೊಟ್ಟಿಲಿಗೆ ಹಾಕುವ ದಿನ ಅವ್ವ ಹೋಗಲೇಬೇಕಿತ್ತು. ಬೆಳಗಿನ ಬಸ್ಸಿಗೆ ಹೋಗಿ ಸಂಜೆಯ ಬಸ್ಸಿಗೆ ಬರುವುದು. ಹೋಗುವ ಮುಂಚೆ ಊದಿಸಿದಳು. ಎದೆ ಆಗಲೇ ಬಿಗಿಯುತ್ತಿತ್ತು, ಬೆನ್ನಿನ ನಡುವೆ ಯಾರೋ ಹಗ್ಗ ಸುತ್ತಿ ಸಣ್ಣಗೆ ಎಳೆದಂತೆ. ನಾನು ‘ಥೂ’ ಎಂದೆ. ಹಸಿರು. ಅವ್ವ ಹೊಸ ಸೀರೆಯ ನೆರಿಗೆ ಸರಿಮಾಡಿಕೊಂಡು ಹೊರಟಳು. ಹೊಸ್ತಿಲಲ್ಲಿ ಆಯಿಗೆ ಹೇಳಿದ ಮಾತನ್ನು ಆಮೇಲೆ ಅವಳು ನೂರು ಸಲ ತಿರುಗಿ ಹೇಳಿದ್ದಾಳೆ, ಹಾಗಾಗಿ ಇದೊಂದು ಮಾತ್ರ ಸರಿಯಾಗಿದೆ:

“ಮಧ್ಯಾಹ್ನ ಒಮ್ಮೆ ಊದಸ್ರಿ ಅತ್ತಿ. ಹಸರು ಹಳದಿ ಏನೂ ಚಿಂತಿಲ್ಲ, ಆಕಿಗೇ ಗೊತ್ತೈತಿ. ಕೆಂಪಿಗೆ ಬಂತಂದ್ರ... ತಿಳಕೋರಿ, ಗೊತ್ತಲ್ಲರಿ ನಿಮಗ.”

ತೊಟ್ಟಿಲ ಕಾರ್ಯಕ್ಕೆ ಹೊರಟವಳು ಹೊಸ್ತಿಲ ಮೇಲೆ ನಿಂತು ದವಾಖಾನೆ, ಉಸಿರು ನಿಲ್ಲುವುದು ಇಂಥ ಮಾತು ಆಡಬಾರದು. ಆಡಲಿಲ್ಲ. ಗೊತ್ತಲ್ಲ ಎಂದು ಬಿಟ್ಟಳು. ಕೆಂಪೆಂದರೆ ಏನೆಂದು ಆಯಿಗೆ ಗೊತ್ತಿಲ್ಲವೇ!

“ನನಗ ಹೇಳಬೇಕೇನು ಕೆಂಪಂದ್ರ?” ಎಂದು ಆಯಿಯೂ ನಕ್ಕಳು. “ಹೋಗಿ ಬಾ.”

ಅಂದು ಟೆಂಡರಿನ ದಿನ, ಮಾರುಕಟ್ಟೆಯಲ್ಲಿ ಕಾಯಿಗೆ ಬೆಲೆ ಕೂಗುವ ದಿನ. ಅಪ್ಪ ಬೆಳಿಗ್ಗೆಯೇ ಮಾರುಕಟ್ಟೆಗೆ ಹೋಗಿದ್ದ. ಪಡಸಾಲೆಯಲ್ಲಿ ಹೊಸ ಚೀಲ ಬಿಚ್ಚಿ ಸುರಿದ ಸದ್ದು ಕೇಳಿತು, ಒಣಗಿದ ಕಾಯಿಗಳ ಗಲಗಲ. ಒದ್ದೆ ಸೀರೆ ಮಧ್ಯಾಹ್ನದ ಹೊತ್ತಿಗೆ ಒಣಗಿಹೋಗಿತ್ತು. ಅದಕ್ಕೆ ನೀರು ಹಾಕುವುದು ಅವ್ವನ ಕೆಲಸವಾದ್ದರಿಂದ ಯಾರಿಗೂ ನೆನಪಾಗಲಿಲ್ಲ. ನಾನು ಮಂಡಿ ಮಡಚಿ, ಕೈ ನೆಲಕ್ಕೂರಿ ಕುಳಿತೆ. ಹಾಗೆ ಕುಳಿತರೆ ಸ್ವಲ್ಪ ಗಾಳಿ ಸಿಗುತ್ತದೆ ಎಂದು ಮೈ ತಾನೇ ಕಲಿತಿತ್ತು. ಊಟವಾದ ಮೇಲೆ ಆಯಿ ಕೈ ತೊಳೆದು ಬಂದು ಊದಗೊಳವೆ ತೆಗೆದುಕೊಟ್ಟಳು. ‘ಥೂ’ ಅನ್ನಲು ಹೋದೆ. ಉಗುಳುವುದಕ್ಕೂ ಉಸಿರು ಬೇಕು. ಮುಳ್ಳು ಒಂದಿಷ್ಟು ಅಲುಗಿ ಕೆಳಗಿನ ಪಟ್ಟಿಯಲ್ಲೇ ನಿಂತಿತು. ಆಯಿ ಕೊಳವೆಯನ್ನು ಕಿಟಕಿಯ ಬೆಳಕಿಗೆ ಹಿಡಿದಳು, ಕಾಯಿ ಹಿಡಿಯುವ ಹಾಗೆಯೇ.

“ಕೆಂಪಿಗೆ ಬಂತ ನೋಡ!” ಎಂದಳು.

ಇಲ್ಲಿಂದ ಮುಂದೆ ಆ ಮಧ್ಯಾಹ್ನ ನನ್ನ ಬಳಿ ಎರಡಿವೆ. ಒಂದು, ಮನೆಯಲ್ಲಿ ಎಲ್ಲರೂ ಹೇಳುವುದು: ಆಯಿ ಕೆಂಪನ್ನು ಒಳ್ಳೆಯದೆಂದು ತಿಳಿದು, ಪಂಪು ಕೊಡದೆ, ಹುಡುಗಿಯನ್ನು ಆಡಲು ಪಡಸಾಲೆಗೆ ಕರೆದೊಯ್ದಳು, ಪಾಪ, ಮೂರನೇ ಇಯತ್ತೆಯ ಹುಡುಗಿಗೆ ಏನು ತಿಳಿಯಬೇಕು. ಇನ್ನೊಂದು ನನಗೊಬ್ಬಳಿಗೇ ಗೊತ್ತಿರುವುದು. ಅದರಲ್ಲಿ ಆಯಿ ಕೊಳವೆ ಹಿಡಿದುಕೊಂಡೇ ನನ್ನ ಕಡೆ ತಿರುಗಿ ಕೇಳುತ್ತಾಳೆ:

“ಹಸರಿಂದ ಹಳದಿ, ಹಳದಿಯಿಂದ ಕೆಂಪು. ಹಣ್ಣಾಗೂದು ಹಿಂಗ ಅಲ್ಲೇನ ಸುಮಿ? ಚೊಲೋ ಆತಲ್ಲ?”

ನಾನು ಹೌದೆಂದು ಗೋಣು ಹಾಕುತ್ತೇನೆ. ಬಾಯಿಪಾಠ ಮಾಡಿದ ನಿಯಮ ತಲೆಯಲ್ಲಿದೆ. ಕೆಂಪೆಂದು ಹೇಳಿದರೆ ದವಾಖಾನೆ, ದವಾಖಾನೆಯೆಂದರೆ ರಾಣೆಬೆನ್ನೂರು. ಗೋಣು ಹಾಕಲು ಉಸಿರು ಬೇಕಿಲ್ಲ. ಈ ಎರಡನೆಯದನ್ನು ನಾನು ಆಮೇಲೆ ಕಟ್ಟಿಕೊಂಡಿದ್ದರೂ ಇರಬಹುದು, ಫ್ಯಾನಿನ ನಾಲ್ಕನೆಯ ರೆಕ್ಕೆಯಂತೆ. ಆದರೆ ಕಟ್ಟಿಕೊಂಡ ಸುಳ್ಳು ಸಾಮಾನ್ಯವಾಗಿ ನಮ್ಮನ್ನು ಬಿಡಿಸುತ್ತದೆ. ಇದು ಸಿಕ್ಕಿಸುತ್ತದೆ. ಅದಕ್ಕೇ ಇದನ್ನು ನಂಬುತ್ತೇನೆ.

ಆಯಿ ನನ್ನ ಕೈಹಿಡಿದು ಪಡಸಾಲೆಗೆ ನಡೆಸಿಕೊಂಡು ಹೋದಳು. ಬಾಗಿಲಲ್ಲಿ ನಿಂತು ಹೆಂಗಸರಿಗೆಲ್ಲ ಸಾರಿದಳು.

“ನಮ್ಮ ಹುಡುಗಿ ಕೆಂಪಿಗೆ ಬಂದ್ಲು ನೋಡ್ರೆವಾ! ಡಾಕ್ಟರ್ ಊದಗೊಳವಿನ ಹೇಳೈತಿ.”

“ಮತ್ತೇನು, ಚೀಲ ತುಂಬಿ ಕಳಿಸೂದ ಉಳೀತು ಆಯಿ,” ಎಂದಳು ಫಕ್ಕೀರವ್ವ. ಸಾಲಿನ ತುದಿಗೆ ಕೂರುವ ಹಿರಿಯಳು ಅವಳು, ತೊಟ್ಟು ಬಿಡಿಸುವುದರಲ್ಲೂ ಬಾಯಿ ಬಿಡಿಸುವುದರಲ್ಲೂ ಅವಳನ್ನು ಮೀರಿಸಿದವರಿರಲಿಲ್ಲ. ಎಲ್ಲರೂ ನಕ್ಕರು. ಎಷ್ಟು ದಿನವಾಗಿತ್ತು ಆ ಪಡಸಾಲೆ ನೋಡಿ! ಮಡಚಿದ ಗೋಣಿಚೀಲದ ಮೇಲೆ ನನ್ನನ್ನು ಕೂರಿಸಿದರು. ನನ್ನ ಮುಂದೆ ಮೊಣಕಾಲೆತ್ತರದ ರಾಶಿ. ಕಿಟಕಿಯ ಜಾಲಿಯಿಂದ ಬಿದ್ದ ಬಿಸಿಲಿನ ಕೋಲಿನಲ್ಲಿ ಧೂಳು ನಿಧಾನಕ್ಕೆ ತಿರುಗುತ್ತಿತ್ತು. ಅದು ಚಂದವಾಗಿತ್ತು. ನಾನು ಕೆಮ್ಮಿದೆ, ಯಾರೂ ತಿರುಗಿ ನೋಡಲಿಲ್ಲ. ಮತ್ತೆ ಕೆಮ್ಮಿದೆ. ಆಮೇಲೆ ಕೆಮ್ಮಲು ಆಗಲಿಲ್ಲ.

ಇದನ್ನು ಹೇಗೆ ಹೇಳಲಿ. ಮುಳುಗುವವರು ಕೈಕಾಲು ಬಡಿಯುತ್ತಾರೆ, ನಾನು ಅಲುಗಾಡದೆ ಕುಳಿತಿದ್ದೆ. ಅಲುಗಿದರೆ ಇದ್ದ ನಾಲ್ಕು ಹನಿ ಗಾಳಿಯೂ ಚೆಲ್ಲಿಹೋಗುತ್ತದೆ ಎಂಬಂತೆ. ಭುಜಗಳು ಕಿವಿಯ ತನಕ ಏರಿದ್ದವು. ಎದುರಿಗೆ ಕುಳಿತವರ ಬಾಯಿ ಅಲುಗುತ್ತಿತ್ತು, ಮಾತು ಕೇಳುತ್ತಿರಲಿಲ್ಲ. ‘ಆಯಿ’ ಎಂದು ಕರೆಯಬೇಕೆಂದರೆ ಎರಡಕ್ಷರ. ಅದರಲ್ಲಿ ಮೊದಲನೆಯದೂ ಹೊರಡಲಿಲ್ಲ. ಹೇಳಬೇಕಿದ್ದಾಗ ಹೇಳಲಿಲ್ಲ, ಈಗ ಹೇಳುತ್ತೇನೆಂದರೆ ಆಗುತ್ತಿಲ್ಲ ಎಂದು ಆ ವಯಸ್ಸಿನ ಹುಡುಗಿ ಯೋಚಿಸಿರಲಾರಳು. ಅದು ಈಗಿನ ನಾನು. ಆಗಿನವಳು ಬರೀ ರಾಶಿಯನ್ನು ನೋಡುತ್ತಿದ್ದಳು, ಅದರ ಅಂಚುಗಳು ಕಪ್ಪಾಗುತ್ತಿದ್ದವು.

ಕೆಮ್ಮು ಕೇಳಿಸದ ಆ ಮನೆಗೆ ಕೆಮ್ಮು ನಿಂತದ್ದು ಕೇಳಿಸಿತು. ಫಕ್ಕೀರವ್ವನ ಕೈ ನಿಂತಿತು.

“ಆಯಿ, ಹುಡುಗಿ ಕುತ್ತಿಗಿ ನೋಡ್ರಿ. ಕುಣಿ ಬೀಳಾಕತ್ತೈತಿ.”

ಆಯಿ ನನ್ನ ಮುಂದೆ ಬಂದು ಕೂತಳು. ಗಂಟಲಿನ ಕೆಳಗಿನ ಗುಳಿಯನ್ನು, ಪಕ್ಕೆಲುಬುಗಳ ನಡುವೆ ಒಳಕ್ಕೆ ಹೋಗುತ್ತಿದ್ದ ಚರ್ಮವನ್ನು ನೋಡಿದಳು. ಆಮೇಲೆ ನನ್ನ ತುಟಿಯನ್ನು ಹೆಬ್ಬೆರಳಿನಿಂದ ಕೆಳಕ್ಕೆಳೆದು ಬೆಳಕಿಗೆ ತಿರುಗಿಸಿದಳು. ಬಣ್ಣ ನೋಡುವುದರಲ್ಲಿ ಅವಳನ್ನು ಮೀರಿಸಿದವರಿಲ್ಲ. ನನ್ನ ತುಟಿಯ ಬಣ್ಣ ನೋಡಿದ ಅವಳ ಮುಖ ನನಗೆ ನೆನಪಿದೆ, ಅದನ್ನು ಇಲ್ಲಿ ಬರೆಯುವುದಿಲ್ಲ.

“ಪಂಪು ತಾ! ಡಬ್ಬಿ ತಾ! ಲಗೂ!”

ಆಯಿಗೆ ಓದು ಬರುತ್ತಿರಲಿಲ್ಲ, ಆದರೆ ಸ್ನಾನ ಮುಗಿಸಿ ಬರುತ್ತ ಬಾಗಿಲ ಸಂದಿನಿಂದ ಅವ್ವನ ಕೈಯನ್ನು ದಿನಾ ನೋಡಿದ್ದಳು. ಪಂಪನ್ನು ಅಲುಗಾಡಿಸಿದಳು, ಡಬ್ಬಿಗೆ ಸಿಕ್ಕಿಸಿದಳು, ನನ್ನ ಬಾಯಿಗಿಟ್ಟು ಒತ್ತಿದಳು. “ಎಳಕೋ. ಲಾಭ. ಎಳಕೋ ನನ್ನವ್ವ. ಎರಡು.” ಎಣಿಸುತ್ತಲೇ ನನ್ನನ್ನು ಸೊಂಟಕ್ಕೆತ್ತಿಕೊಂಡು ಬೀದಿಗೆ ಓಡಿದಳು. ಹಿಂದೆ ಫಕ್ಕೀರವ್ವ. ಬೀದಿಯಲ್ಲಿ ವಾಹನಗಳಿಗೆ ಬರವಿರಲಿಲ್ಲ. ಟಂಟಂ, ಟ್ರ್ಯಾಕ್ಟರು, ಲಾರಿ, ಒಂದರ ಹಿಂದೊಂದು. ಟೆಂಡರಿನ ದಿನ, ಎಲ್ಲದರಲ್ಲೂ ಮೆಣಸಿನಕಾಯಿ. ಒಬ್ಬ ಟಂಟಂನವನು ಚೀಲ ಸರಿಸಿ ಜಾಗ ಮಾಡಿದ. ಆಯಿ ಹತ್ತಲು ಕಾಲೆತ್ತಿ, ಚೀಲ ನೋಡಿ, ಕಾಲು ಹಿಂದಕ್ಕೆ ತೆಗೆದಳು. ಜೀವಮಾನವೆಲ್ಲ ಕಾಯಿಗೆ ಘಾಟಿಲ್ಲ ಎಂದವಳು ಮೊದಲ ಸಲ ಅದಕ್ಕೆ ಹೆದರಿದ್ದನ್ನು ನಾನು ಅವಳ ಎದೆಬಡಿತದಲ್ಲಿ ಕೇಳಿದೆ. ಅಷ್ಟರಲ್ಲಿ ಕಾಗಿನೆಲೆಯಿಂದ ಬಂದ ಬಸ್ಸು ತಿರುವಿನಲ್ಲಿ ಕಂಡಿತು. ಆಯಿ ನನ್ನನ್ನು ಹೊತ್ತು ರಸ್ತೆಯ ನಡುವೆಯೇ ನಿಂತುಬಿಟ್ಟಳು.

“ಸ್ಟಾಪ್ ಇಲ್ಲಿಲ್ಲ ಆಯಿ, ಸರೀರಿ!” ಎಂದು ಕಂಡಕ್ಟರು ಕೂಗಿದ.

“ಹುಡುಗಿ ಉಸರು ನಿಲ್ಲಾಕತ್ತೈತಿ, ನಿನ್ನ ಸ್ಟಾಪಿನ ಮನಿ ಹಾಳಾಗ! ದವಾಖಾನಿಗೆ ಹೊಡಿ!”

ಬಸ್ಸು ಎಲ್ಲೂ ನಿಲ್ಲದೆ ಊರ ದವಾಖಾನೆಯ ಗೇಟಿಗೆ ಹೋಯಿತು. ದಾರಿಯುದ್ದಕ್ಕೂ ಆಯಿ ಒತ್ತಿದಳು, ಎಣಿಸಿದಳು. ಹತ್ತಾದ ಕೂಡಲೇ ಮತ್ತೆ ಲಾಭ. ಅವಳ ಜೊತೆ ಫಕ್ಕೀರವ್ವ, ಆಮೇಲೆ ಕಿಟಕಿ ಪಕ್ಕದ ಯಾರೋ ಮುದುಕ, ಆಮೇಲೆ ಹಿಂದಿನ ಸೀಟುಗಳವರು. ಬಸ್ಸಿನ ತುಂಬ ಅಪರಿಚಿತರು ನನ್ನ ಉಸಿರನ್ನು ಜೋಳದಂತೆ ಅಳೆಯುತ್ತಿದ್ದರು ಎಂಬುದು ನನ್ನ ನೆನಪು. ಇಷ್ಟು ಚಂದ ಇದ್ದದ್ದು ನಡೆದಿರಲಾರದು. ಫಕ್ಕೀರವ್ವ ಎಣಿಸಿದ್ದು ಮಾತ್ರ ಖಂಡಿತ.

ಸಂಜೆ ಅವ್ವ ತೊಟ್ಟಿಲ ಕಾರ್ಯದ ಕುಪ್ಪಸದ ಬಟ್ಟೆಯನ್ನು ಕೈಯಲ್ಲೇ ಹಿಡಿದುಕೊಂಡು ದವಾಖಾನೆಗೆ ಬಂದಳು. ನನ್ನ ಬಾಯಿಗೆ ಮತ್ತೆ ಮುಖವಾಡವಿತ್ತು, ಉಸಿರು ದಾರಿಗೆ ಬಂದಿತ್ತು. ಅವ್ವ ಕೂಗಲಿಲ್ಲ. ಕೂಗಿದ್ದರೆ ಚೆನ್ನಾಗಿತ್ತು.

“ಊದಿಸಲಿಲ್ಲೇನ್ರಿ ಅತ್ತಿ?”

“ಊದಿಸಿದ್ನಿ.”

“ಏನ ಬಂತು?”

“ಕೆಂಪು.”

“ಮತ್ತ?”

ಆಯಿ ಮಂಚದ ಕಾಲನ್ನು ನೋಡುತ್ತಿದ್ದಳು. “ಕೆಂಪು ಚೊಲೋ ಅನಕೊಂಡ್ನಿ,” ಎಂದಳು. ನನ್ನ ಗೋಣಿನ ಮಾತು ಎತ್ತಲಿಲ್ಲ. ನನ್ನ ಕಡೆಗೆ ಒಮ್ಮೆಯೂ ತಿರುಗಲಿಲ್ಲ. ಮುಖವಾಡದೊಳಗೆ ನಾನು ಬಾಯಿ ತೆರೆದುಕೊಂಡೇ ಮಲಗಿದ್ದೆ. ಆಗ ಉಸಿರಿತ್ತು, ಹೇಳಬಹುದಿತ್ತು. ಅಪ್ಪ ಬಾಗಿಲಲ್ಲಿ ನಿಂತು, ಇನ್ನು ಮಾತು ಬೇಡ, ಸುಗ್ಗಿ ಮುಗಿಯುವ ತನಕ ರಾಣೆಬೆನ್ನೂರು ಎಂದ. ಅವನು ಸ್ನಾನ ಮಾಡದೆ ಓಡಿಬಂದಿದ್ದರಿಂದ ಒಳಗೆ ಬರಲಿಲ್ಲ.

“ನಾನೂ ಹೋಗತೇನಿ ಆಕಿ ಕೂಡ,” ಎಂದಳು ಆಯಿ.

ಸುಗ್ಗಿಯ ನಡುವೆ ಆಯಿ ಬ್ಯಾಡಗಿ ಬಿಟ್ಟದ್ದನ್ನು ಯಾರೂ ನೋಡಿರಲಿಲ್ಲ. ಪ್ಯಾಸೆಂಜರ್ ರೈಲಿನಲ್ಲಿ ನಾವಿಬ್ಬರೂ ಹೋದೆವು. ಅವಳ ಗಂಟಿನಲ್ಲಿ ಎರಡು ಸೀರೆ, ವಿಭೂತಿಗಟ್ಟಿ, ನನ್ನ ಪಂಪು, ಡಬ್ಬಿ, ಊದಗೊಳವೆ. ಊದಗೊಳವೆಯ ಕೆಂಪು ಪಟ್ಟಿಯ ಮೇಲೆ ಆಯಿ ಕರಿದಾರ ಸುತ್ತಿದ್ದಳು. ಇನ್ನು ಯಾರೂ ತಪ್ಪು ತಿಳಿಯಬಾರದು ಎಂದೋ, ದೃಷ್ಟಿಗೋ, ಕೇಳಲಿಲ್ಲ. ಆ ಕೊಳವೆ ಈಗಲೂ ನನ್ನ ಹತ್ತಿರ ಇದೆ. ಹಸಿರೂ ಹಳದಿಯೂ ಉಳಿದಿವೆ, ಕೆಂಪು ಮಾಸಿ ಬಿಳಿಚಿಕೊಂಡಿದೆ. ಎಲ್ಲಕ್ಕಿಂತ ಮೊದಲು ಹಾರುವುದು ಕೆಂಪೇ ಎಂದು ಕಾಯಿಯ ವಿಷಯದಲ್ಲಿ ಆಯಿ ಹೇಳುತ್ತಿದ್ದಳು.

ಮಾಳಿಗೆಯ ಮನೆಯಲ್ಲಿ ಮೊದಲ ಬೆಳಿಗ್ಗೆ. ಚಿಗವ್ವ ಕೆಳಗೆ ನೀರು ತರಲು ಹೋಗಿದ್ದಳು. ಬಿಳಿ ಗೋಡೆ, ತೊಳೆದ ನೆಲ, ಯಾರ ಕೆಮ್ಮೂ ಇಲ್ಲ. ನನ್ನ ಉಸಿರು ನನಗೆ ಕೇಳಿಸುತ್ತಿತ್ತು, ಅದರಡಿ ಒಂದು ಸಣ್ಣ ಸಿಳ್ಳು. ಆಯಿ ಕೊಳವೆ ತೆಗೆದು ಕೊಡುವ ಮುಂಚೆ ನಾನು ಹೇಳಿದೆ:

“ಆಯಿ, ಅವತ್ತ ನೀ ಕೇಳಿದಾಗ ನಾ ಗೋಣ ಹಾಕಿದ್ನಿ. ನನಗ ಗೊತ್ತಿತ್ತು.”

ಆಯಿ ಕರಿದಾರದ ಗಂಟು ಬಿಗಿ ಮಾಡುತ್ತಿದ್ದಳು. ಕೈ ನಿಲ್ಲಲಿಲ್ಲ.

“ಎಂಟು ವರ್ಷದ ಹುಡುಗಿ ಗೋಣಿನ ಮ್ಯಾಲೆ ಅರವತ್ತು ವರ್ಷದಾಕಿ ನಡದ್ಲಂದ್ರ ತಪ್ಪ ಯಾರದು? ಬಿಡು. ಉಗುಳಿ ಊದೂದೂ ನನಗ ಗೊತ್ತೈತಿ. ನಿಮ್ಮವ್ವಗ ಹೇಳಿಲ್ಲ.”

ಈ ಮಾತನ್ನು ಆಯಿ ಹೀಗೇ ಆಡಿದಳೋ, ನನಗೆ ಬೇಕಾದಂತೆ ಇಷ್ಟು ವರ್ಷ ನಾನು ಆಡಿಸಿಕೊಂಡು ಬಂದೆನೋ. ಅವಳು ಈಗ ಇಲ್ಲ, ಕೇಳುವಂತಿಲ್ಲ. ಆದರೆ ಆಮೇಲೆ ಆದದ್ದು ಸರಿಯಾಗಿ ಗೊತ್ತು, ಯಾಕೆಂದರೆ ಅದು ಅಲ್ಲಿದ್ದಷ್ಟು ದಿನ ಪ್ರತಿ ಬೆಳಿಗ್ಗೆ ಆಯಿತು. ಅವಳು ಕೊಳವೆಯನ್ನು ನನ್ನ ಕೈಗಿಟ್ಟು, ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡಳು.

“ಊದು. ನಾ ನೋಡೂದಿಲ್ಲ. ಯಾವ ಬಣ್ಣ ಅಂತ ನೀನ ಹೇಳು.”

ಬೆನ್ನು ಮಾತ್ರ ಕಾಣುತ್ತಿತ್ತು, ಆ ಬೆನ್ನು ಕಾಯುತ್ತಿತ್ತು. ನಾಲಗೆ ತಾನಾಗಿ ಹಲ್ಲಿನ ಹಿಂದಿನ ಆ ಜಾಗಕ್ಕೆ ಹೋಯಿತು, ‘ಥೂ’ ಅನ್ನುವ ಜಾಗಕ್ಕೆ. ಊದುವುದೂ ಬೇಕಿರಲಿಲ್ಲ, ಹಸಿರು ಎಂದರೆ ಸಾಕಿತ್ತು. ಆಯಿ ತಿರುಗಿ ನೋಡುತ್ತಿರಲಿಲ್ಲ. ಹಸಿರು ಎಂದು ಒಂದು ವಾರ ಹೇಳಿದರೆ ಸುಗ್ಗಿ ಮುಗಿಯುವ ಮುಂಚೆಯೇ ಮನೆಗೆ ಕರೆಸಿಕೊಂಡಾರು ಅನ್ನಿಸಿತು. ನನಗೆ ಆ ಪಡಸಾಲೆಯಲ್ಲಿ ಆಗಿದ್ದಷ್ಟೇ ಭಯವಾಯಿತು. ನಾಲಗೆಯನ್ನು ಕೆಳಗಿಳಿಸಿ, ಎದೆಯಲ್ಲಿ ಇದ್ದಷ್ಟನ್ನು ಊದಿದೆ.

“ಹಳದಿ,” ಎಂದೆ.

ಆಯಿ ತಿರುಗಿ ಕೊಳವೆಯನ್ನು ನೋಡಲೇ ಇಲ್ಲ. ಪಂಪನ್ನು ಎತ್ತಿಕೊಂಡು ಅಲುಗಾಡಿಸಿ ಡಬ್ಬಿಗೆ ಸಿಕ್ಕಿಸಿದಳು, ನನ್ನ ಗದ್ದ ಹಿಡಿದು ಮುಖ ಮೇಲೆತ್ತಿದಳು.

“ಲಾಭ,” ಎಂದಳು.